ಸೋತ ದಿನದ ಪರೀಕ್ಷೆ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಗಾದೆ ಸುಳ್ಳಾಗದು ಎಂಬ ಇನ್ನೊಂದು ಮಾತೂ ಉಂಟಷ್ಟೆ. ಆದರೆ ಆ ಮೊಳಕೆಯನ್ನು ಯಾವ ದಿನ ನೋಡಬೇಕು, ಯಾವ ಕಣ್ಣಿನಿಂದ ನೋಡಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನಮ್ಮ ವಿವೇಕಕ್ಕೆ ಬಿಟ್ಟಿದೆ.

ಊರು ಬಿಟ್ಟು ಬಂದು ಮುಂಬಯಿಯಲ್ಲೋ ಪುಣೆಯಲ್ಲೋ ಚೆನ್ನೈಯಲ್ಲೋ ನೆಲಸಿದ ನಮ್ಮಂಥವರಿಗೆ ಮಕ್ಕಳ ಭವಿಷ್ಯದ ಚಿಂತೆ ಒಂದು ಗುಲಗಂಜಿ ಹೆಚ್ಚು. ಸಂಘದ ಸಭೆ ಮುಗಿದು ಕಾಫಿಯ ಲೋಟ ಕೈಗೆ ಬಂದೊಡನೆ “ನಿಮ್ಮ ಹುಡುಗ ಹೇಗೆ ಓದುತ್ತಾನೆ? ಮುಂದೇನು ಮಾಡಿಸುತ್ತೀರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವಾಗಿ ನಾವು ಒಂದು ಅಂಕೆಯನ್ನು ಹೇಳುತ್ತೇವೆ. ಅಂಕೆ ದೊಡ್ಡದಾದರೆ ಕೇಳಿದವರು ತಲೆದೂಗುತ್ತಾರೆ. ಚಿಕ್ಕದಾದರೆ ಮಾತನ್ನು ಮಳೆಯ ಕಡೆಗೆ ತಿರುಗಿಸುತ್ತಾರೆ. ಅಲ್ಲಿಗೆ ಹುಡುಗನ ಪರೀಕ್ಷೆ ಮುಗಿಯಿತು!

ಈ ಸಲ ವಾಚಕರನ್ನು ಸ್ವಲ್ಪ ದೂರ, ಅಮೆರಿಕಕ್ಕೆ, ಕರೆದೊಯ್ಯಬೇಕೆಂದಿದ್ದೇವೆ. ಕಾಲೇಜಿನಲ್ಲಿ ಆಡುವ ಹುಡುಗ ಮುಂದೆ ಏನಾದಾನು ಎಂದು ಅಂದಾಜು ಮಾಡುವುದನ್ನೇ ಕಸುಬು ಮಾಡಿಕೊಂಡು, ಅದಕ್ಕೆ ಸಂಬಳ ಪಡೆಯುವವರು ಅಲ್ಲಿದ್ದಾರೆ. ಅಷ್ಟು ಪಳಗಿದವರೂ ಎಡವುತ್ತಾರೆ. ಎಲ್ಲಿ ಎಡವಿದರೆಂದು ನೋಡಿದರೆ ನಮಗೂ ಒಂದು ಪಾಠ ಸಿಕ್ಕೀತು.

ಆಟ ಬಾಸ್ಕೆಟ್‌ಬಾಲ್. ಮುಂಬಯಿಯ ವಾಚಕರಲ್ಲಿ ಕೆಲವರು ಇದನ್ನು ನಾಗಪಾಡದ ಕಡೆ ನೋಡಿರಬಹುದು. ಪಕ್ಷಕ್ಕೆ ಐದು ಜನ. ನೆಲದಿಂದ ೧೦ ಅಡಿ ಎತ್ತರದಲ್ಲಿ ಕಬ್ಬಿಣದ ಬಳೆ. ಅದರೊಳಗೆ ಚೆಂಡು ಬೀಳಬೇಕು. ಐವರಲ್ಲಿ ಗಾರ್ಡ್ ಎನ್ನಿಸಿಕೊಳ್ಳುವವನು ಸಾಮಾನ್ಯವಾಗಿ ಉಳಿದವರಿಗಿಂತ ಗಿಡ್ಡ. ಚೆಂಡನ್ನು ಪುಟಿಸುತ್ತ ತರುವುದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವುದು, ದಾರಿ ಸಿಕ್ಕಾಗ ದೂರದಿಂದಲೇ ಎಸೆಯುವುದು ಅವನ ಕೆಲಸ. ಮದುವೆಮನೆಯಲ್ಲಿ ಪಂಕ್ತಿಯ ಉಸ್ತುವಾರಿ ನೋಡುವವನಂತೆ, ಅವನು ತಪ್ಪಿದರೆ ಎಲ್ಲರ ಎಲೆಯೂ ಖಾಲಿ.

ಈ ಆಟದಿಂದ ಹೊಟ್ಟೆ ಹೊರೆಯಬೇಕಾದರೆ ಎನ್.ಬಿ.ಎ. ಎಂಬ ಸಂಸ್ಥೆಯ ೩೦ ತಂಡಗಳಲ್ಲಿ ಒಂದನ್ನು ಸೇರಬೇಕು. ತಂಡಕ್ಕೆ ೧೫ ಜನರಂತೆ ಒಟ್ಟು ೪೫೦ ಸ್ಥಾನ. ಕಾಲೇಜುಗಳಾದರೋ ಮೇಲ್ದರ್ಜೆಯಲ್ಲೇ ಮುನ್ನೂರಕ್ಕೂ ಹೆಚ್ಚು. ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆ ನಡೆಯುತ್ತದೆ. ತಂಡಗಳು ಸರದಿಯ ಮೇಲೆ ಹುಡುಗರನ್ನು ಕರೆದುಕೊಳ್ಳುತ್ತವೆ. ಆಯ್ಕೆಗೆ ಮುಂಚೆ ಹುಡುಗರ ಎತ್ತರ, ತೂಕ, ಚಾಚಿದ ಕೈಗಳ ಅಳತೆ, ನೆಗೆತ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಗಂಡು ನೋಡಲು ಹೋದ ನಮ್ಮ ಹಿರಿಯರೂ ಇಷ್ಟು ಕೂಲಂಕಷವಾಗಿ ವಿಚಾರಿಸುವುದಿಲ್ಲ.

ಇಂಥ ಪರೀಕ್ಷೆಗೆ ೨೦೦೯ರಲ್ಲಿ ನಿಂತವರಲ್ಲಿ ಸ್ಟೆಫನ್ ಕರಿ ಎಂಬ ೨೧ ವರ್ಷದ ಗಾರ್ಡ್ ಒಬ್ಬ. ತಂದೆ ಡೆಲ್ ಕರಿ ೧೬ ವರ್ಷ ಎನ್.ಬಿ.ಎ.ಯಲ್ಲಿ ಆಡಿದವರು. ಆದರೂ ಶಾಲೆ ಮುಗಿದಾಗ ಯಾವ ದೊಡ್ಡ ಕಾಲೇಜೂ ಈ ಹುಡುಗನಿಗೆ ವಿದ್ಯಾರ್ಥಿವೇತನ ಕೊಡಲು ಮುಂದಾಗಲಿಲ್ಲ. ತಂದೆ ಓದಿದ ವರ್ಜೀನಿಯ ಟೆಕ್ ಕೂಡ ಕೊಡಲಿಲ್ಲ. ಕೊನೆಗೆ ಉತ್ತರ ಕ್ಯಾರೊಲಿನದ ಡೇವಿಡ್‌ಸನ್ ಎಂಬ, ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಚಿಕ್ಕ ಕಾಲೇಜು ಕರೆಯಿತು. ಅಲ್ಲಿ ಅವನು ೨೦೦೭–೦೮ರಲ್ಲಿ ದೂರದ ಗೆರೆಯಾಚೆಯಿಂದ ೧೬೨ ಸಲ ಚೆಂಡು ಹಾಕಿ ಕಾಲೇಜು ಆಟದಲ್ಲಿ ಹೊಸ ದಾಖಲೆ ಮಾಡಿದ. ೨೦೦೮–೦೯ರಲ್ಲಿ ಪಂದ್ಯಕ್ಕೆ ಸರಾಸರಿ ೨೮.೬ ಪಾಯಿಂಟು ಗಳಿಸಿ ದೇಶಕ್ಕೇ ಮೊದಲಿಗನಾದ.

ಇಷ್ಟಾದರೂ ಪರೀಕ್ಷಕರ ಸಂದೇಹ ಹೋಗಲಿಲ್ಲ. ಬರಿಗಾಲಲ್ಲಿ ಎತ್ತರ ೬ ಅಡಿ ೨ ಅಂಗುಲ. ನಮ್ಮ ಬೀದಿಯಲ್ಲಾದರೆ ತಿರುಗಿ ನೋಡುವಂಥದು, ಆರೂವರೆ ಅಡಿಯೇ ಸರಾಸರಿಯಾದ ಆ ಲೋಕದಲ್ಲಿ ಕಡಿಮೆ. ಮೈ ಸಣಕಲು, ಬಲಶಾಲಿಗಳು ಮೇಲೆ ಬಿದ್ದರೆ ತಡೆದಾನೇ? ಎಸೆಯುವುದನ್ನು ಬಲ್ಲ, ಸರಿ, ಆಟ ನಡೆಸಬಲ್ಲನೇ? ಚಿಕ್ಕ ಕಾಲೇಜಿನವರೆದುರು ಆಡಿದ್ದು ದೊಡ್ಡವರೆದುರು ನಡೆದೀತೇ? ಇನ್ನೂ ಒಂದು: ಕಾಲೇಜಿನಲ್ಲಿ ಮೂರು ಪಾಯಿಂಟಿನ ಗೆರೆ ಆಗ ೨೦ ಅಡಿ ೯ ಅಂಗುಲದಲ್ಲಿತ್ತು, ಎನ್.ಬಿ.ಎ.ಯಲ್ಲಿ ಅದು ೨೩ ಅಡಿ ೯ ಅಂಗುಲ. ಆ ಮೂರು ಅಡಿ ಅನೇಕ ಹುಡುಗರನ್ನು ನುಂಗಿದೆ.

ಈ ಪ್ರಶ್ನೆಗಳು ಮೂರ್ಖರ ಪ್ರಶ್ನೆಗಳಲ್ಲ. ನಾವಾದರೂ ಇವನ್ನೇ ಕೇಳುತ್ತಿದ್ದೆವು. ೨೦೦೯ರ ಜೂನ್ ೨೫ರಂದು ಕರಿಗಿಂತ ಮುಂಚೆ ಆರು ಹೆಸರು ಕೂಗಿದರು. ಆರರಲ್ಲಿ ನಾಲ್ವರು ಗಾರ್ಡುಗಳೇ. ಮಿನೆಸೋಟ ತಂಡವಂತೂ ಐದನೆಯ ಮತ್ತು ಆರನೆಯ ಎರಡು ಸರದಿಯಲ್ಲೂ ಗಾರ್ಡುಗಳನ್ನೇ ಆರಿಸಿ ಕರಿಯನ್ನು ಬಿಟ್ಟಿತು. ಏಳನೆಯದಾಗಿ ಗೋಲ್ಡನ್ ಸ್ಟೇಟ್ ತಂಡ ಅವನನ್ನು ತೆಗೆದುಕೊಂಡಿತು. ಮುಂದಿನದು ಈಗ ಇತಿಹಾಸ. ೨೦೧೫, ೨೦೧೭, ೨೦೧೮, ೨೦೨೨ರಲ್ಲಿ ಆ ತಂಡ ಚಾಂಪಿಯನ್ ಆಯಿತು. ೨೦೧೬ರಲ್ಲಿ ಒಂದು ಮತವೂ ತಪ್ಪದೆ ಅವನು ವರ್ಷದ ಶ್ರೇಷ್ಠ ಆಟಗಾರನಾದ. ಹಾಗೆ ಸರ್ವಾನುಮತದಿಂದ ಆರಿಸಿಬಂದವರು ಅವನಿಗೆ ಮುಂಚೆ ಯಾರೂ ಇರಲಿಲ್ಲ. ೨೦೨೫ರ ಮಾರ್ಚಿಯಲ್ಲಿ ಅವನ ದೂರದ ಬುಟ್ಟಿಗಳ ಲೆಕ್ಕ ೪,೦೦೦ ಮುಟ್ಟಿತು.

ಹಾಗಾದರೆ ಮೊಳಕೆಯಲ್ಲಿ ಕಾಣಬೇಕಾದದ್ದು ಎಲ್ಲಿತ್ತು? ಅಂಕೆಗಳಲ್ಲಿಯೇ ಒಂದು ಸುಳಿವಿತ್ತೆಂದು ನಮಗೆ ತೋರುತ್ತದೆ. ಎದುರಾಳಿ ತಪ್ಪು ಮಾಡಿದಾಗ ಫ್ರೀ ಥ್ರೋ ಎಂದು ಕೊಡುತ್ತಾರೆ. ೧೫ ಅಡಿ ದೂರ, ಅಡ್ಡಲು ಯಾರೂ ಇಲ್ಲ. ಕಾಲೇಜಾಗಲಿ ಎನ್.ಬಿ.ಎ.ಯಾಗಲಿ ಆ ೧೫ ಅಡಿ ಬದಲಾಗದು. ಎತ್ತರ, ಬಲ, ಎದುರಾಳಿಯ ದರ್ಜೆ ಯಾವುದೂ ಅಲ್ಲಿ ಸೇರದ ಕಾರಣ ಕೈಯ ನಿಜವಾದ ಪಳಗುವಿಕೆ ಅಲ್ಲಿ ತಿಳಿಯುತ್ತದೆ. ಕಾಲೇಜಿನ ಮೂರು ವರ್ಷದಲ್ಲಿ ಕರಿ ನೂರಕ್ಕೆ ೮೭ಕ್ಕೂ ಹೆಚ್ಚು ಹಾಕಿದ್ದ. ಈ ಕೈ ಮೂರು ಅಡಿ ಹಿಂದೆ ಸರಿದರೂ ತಪ್ಪದೆಂದು ಊಹಿಸಬಹುದಿತ್ತು.

ಆದರೆ ಇನ್ನೂ ಬೆಲೆಯುಳ್ಳ ಸುಳಿವುಗಳು ಅವನು ಗೆದ್ದ ದಿನಗಳಲ್ಲಿಲ್ಲ, ಕೆಟ್ಟ ದಿನಗಳಲ್ಲಿವೆ.

ಡೇವಿಡ್‌ಸನ್‌ನ ತರಬೇತುದಾರ ಬಾಬ್ ಮೆಕಿಲಪ್, ಹುಡುಗ ಇನ್ನೂ ಶಾಲೆಯಲ್ಲಿದ್ದಾಗ ಬೇಸಗೆಯ ಒಂದು ಪಂದ್ಯದಲ್ಲಿ ಅವನನ್ನು ನೋಡಲು ಹೋಗಿದ್ದರು. ಅಂದು ಹುಡುಗನ ಆಟ ಪೂರ್ತಿ ಕೆಟ್ಟಿತು. ಎಸೆದದ್ದು ಬೀಳಲಿಲ್ಲ, ಚೆಂಡು ಕೈಯಲ್ಲಿ ನಿಲ್ಲಲಿಲ್ಲ. ಬೇರೆಯವರು ಪುಸ್ತಕ ಮುಚ್ಚಿ ಹೊರಡುತ್ತಿದ್ದರು. ಮೆಕಿಲಪ್ ಕಂಡದ್ದು ಬೇರೆ: ಹುಡುಗ ತೀರ್ಪುಗಾರನನ್ನು ದೂರಲಿಲ್ಲ, ಜೊತೆಯವರ ಮೇಲೆ ತಪ್ಪು ಹೊರಿಸಲಿಲ್ಲ, ಹೊರಗೆ ಕೂಡಿಸಿದಾಗ ಅಲ್ಲಿಂದಲೇ ತನ್ನವರನ್ನು ಹುರಿದುಂಬಿಸುತ್ತಿದ್ದ. ಆ ದಿನವೇ ತಾವು ಅವನನ್ನು ಮೆಚ್ಚಿದ್ದೆಂದು ಮೆಕಿಲಪ್ ಆಮೇಲೆ ಹೇಳಿದ್ದುಂಟು.

ಶಾಲೆಯ ದಿನಗಳದೇ ಇನ್ನೊಂದು ಸಂಗತಿ. ಹುಡುಗ ಗಿಡ್ಡನಾದ್ದರಿಂದ ಚೆಂಡನ್ನು ಸೊಂಟದ ಬಳಿಯಿಂದ ಎತ್ತಿ ಎಸೆಯುತ್ತಿದ್ದ. ಉದ್ದದವರು ಸುಲಭವಾಗಿ ತಡೆದುಬಿಡಬಹುದಾಗಿತ್ತು. ತಲೆಯ ಮೇಲಿಂದ ಎಸೆಯುವುದನ್ನು ಕಲಿಯಬೇಕೆಂದು ತಂದೆ ಹಟ ಹಿಡಿದರು. ಕಲಿತ ವಿದ್ಯೆಯನ್ನು ಮರೆತು ಹೊಸದಾಗಿ ಕಲಿಯುವ ಕಷ್ಟ, ಹಾರ್ಮೋನಿಯಂ ಬಿಟ್ಟು ವೀಣೆಗೆ ಕುಳಿತವರಿಗೆ ಗೊತ್ತು. ಆ ಬೇಸಗೆಯಲ್ಲಿ ಅವನಿಗೆ ಹತ್ತಿರದಿಂದಲ್ಲದೆ ದೂರದಿಂದ ಎಸೆಯಲು ಕೈಯೇ ಬರಲಿಲ್ಲವಂತೆ. ಇದ್ದದ್ದನ್ನೂ ಕಳೆದುಕೊಂಡು ಕೆಲವು ತಿಂಗಳು ಕಾಯುವ ಧೈರ್ಯ ಹದಿಹರೆಯದ ಎಷ್ಟು ಹುಡುಗರಿಗಿದ್ದೀತು?

ಕಾಲೇಜಿನ ಮೊದಲ ಪಂದ್ಯ ನಡೆದದ್ದು ೨೦೦೬ರ ನವೆಂಬರಿನಲ್ಲಿ. ಅಂದು ಅವನು ೧೩ ಸಲ ಚೆಂಡನ್ನು ಎದುರಾಳಿಗಳಿಗೆ ಒಪ್ಪಿಸಿದ. ಪಂಕ್ತಿಯ ಉಸ್ತುವಾರಿಯವನು ಹದಿಮೂರು ಸಲ ಸಾರಿನ ಪಾತ್ರೆ ಬೀಳಿಸಿದಂತೆ! ಮುಂದಿನ ಪಂದ್ಯದಲ್ಲಿ ಮೆಕಿಲಪ್ ಅವನನ್ನು ಮತ್ತೆ ಇಳಿಸಿದರು. ದೊಡ್ಡ ಹೆಸರಿನ ಮಿಷಿಗನ್ ವಿರುದ್ಧ ಅವನು ೩೨ ಪಾಯಿಂಟು ಗಳಿಸಿದ.

೨೦೦೮ರ ನವೆಂಬರಿನಲ್ಲಿ ಲಯೋಲ ಕಾಲೇಜಿನವರು ಒಂದು ಉಪಾಯ ಹೂಡಿದರು. ಆಟವಿಡೀ ಇಬ್ಬರನ್ನು ಕರಿಯ ಬೆನ್ನಿಗೇ ಅಂಟಿಸಿಬಿಟ್ಟರು. ದೇಶದಲ್ಲೇ ಹೆಚ್ಚು ಪಾಯಿಂಟು ಗಳಿಸುವ ಹುಡುಗ. ಅಂಕಿಅಂಶಕ್ಕೆ ಪೆಟ್ಟು ಬೀಳುತ್ತದೆ. ಮುಂದಿನ ಬೇಸಗೆಯಲ್ಲಿ ಕೋಟಿಗಳ ಪ್ರಶ್ನೆ. ಅವನು ಏನು ಮಾಡಿದ ಗೊತ್ತೇ? ಇಬ್ಬರನ್ನೂ ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ನಿಂತುಬಿಟ್ಟ. ಉಳಿದ ಕಡೆ ಡೇವಿಡ್‌ಸನ್‌ನ ನಾಲ್ವರು, ಎದುರಿಗೆ ಮೂವರೇ. ಅಂದು ಕರಿಯ ಗಳಿಕೆ ಸೊನ್ನೆ. ಡೇವಿಡ್‌ಸನ್ ಗೆದ್ದದ್ದು ೭೮–೪೮ರಿಂದ. ಆಟ ನಡೆಸಬಲ್ಲನೇ ಎಂಬ ಪರೀಕ್ಷಕರ ಪ್ರಶ್ನೆಗೆ ಆ ಸೊನ್ನೆಗಿಂತ ಒಳ್ಳೆಯ ಉತ್ತರ ಬೇಕಿತ್ತೇ? ಆದರೆ ಪಟ್ಟಿಯಲ್ಲಿ ಅದು ಬರಿಯ ಸೊನ್ನೆಯಾಗಿಯೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನ. ಆದರೆ ಪೂರ್ತಿ ಸತ್ಯವಾಗದು. ಒಬ್ಬನ ವಿಷಯದಲ್ಲಿ ಎಲ್ಲ ಆದ ಮೇಲೆ “ನಾವು ಆಗಲೇ ಹೇಳಿದ್ದೆವು” ಎನ್ನುವುದು ಸುಲಭ. ೨೦೧೧ರ ಆಯ್ಕೆಯನ್ನೂ ನೋಡಬೇಕು. ಆ ವರ್ಷ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಜಿಮರ್ ಫ್ರೆಡೆಟ್ ಎಂಬ ಗಾರ್ಡ್ ಪಂದ್ಯಕ್ಕೆ ೨೮.೯ ಪಾಯಿಂಟು ಗಳಿಸಿ ದೇಶಕ್ಕೆ ಮೊದಲಿಗನಾಗಿದ್ದ. ಎತ್ತರ, ಕೈಚಳಕ, ಫ್ರೀ ಥ್ರೋ ಎಲ್ಲದರಲ್ಲೂ ಕರಿಗೆ ಹತ್ತಿರದವನು. ಹತ್ತನೆಯವನಾಗಿ ಆರಿಸಲ್ಪಟ್ಟು ಸಾಕ್ರಮೆಂಟೋ ತಂಡ ಸೇರಿದ. ಅದೇ ತಂಡ ಅದೇ ದಿನ, ೬೦ ಜನರ ಪಟ್ಟಿಯಲ್ಲಿ ಕಟ್ಟಕಡೆಯವನಾಗಿ, ೫ ಅಡಿ ೯ ಅಂಗುಲದ ಐಸೇಯ ಥಾಮಸ್ ಎಂಬ ಇನ್ನೊಬ್ಬ ಗಾರ್ಡನ್ನೂ ತೆಗೆದುಕೊಂಡಿತು.

ಫ್ರೆಡೆಟ್ ಎನ್.ಬಿ.ಎ.ಯಲ್ಲಿ ನೆಲೆಯೂರಲಿಲ್ಲ. ಗಿಡ್ಡ ಥಾಮಸ್ ೨೦೧೬–೧೭ರಲ್ಲಿ ಬಾಸ್ಟನ್ ತಂಡಕ್ಕೆ ಆಡುತ್ತ ಪಂದ್ಯಕ್ಕೆ ೨೮.೯ ಪಾಯಿಂಟು ಗಳಿಸಿದ. ಫ್ರೆಡೆಟ್ ಕಾಲೇಜಿನಲ್ಲಿ ಗಳಿಸಿದ ಅಂಕೆಯನ್ನೇ ಥಾಮಸ್ ಜಗತ್ತಿನ ಅತಿ ಕಠಿನ ಅಂಗಳದಲ್ಲಿ ಗಳಿಸಿದ ಎಂದರೆ ವಿಧಿಯ ವಿನೋದ ನೋಡಿ. ಆ ವಿನೋದವೂ ಅಲ್ಲಿಗೆ ಮುಗಿಯಲಿಲ್ಲ. ಅದೇ ೨೦೧೭ರಲ್ಲಿ ಥಾಮಸನ ಸೊಂಟದ ಕೀಲು ಕೆಟ್ಟಿತು. ಹಳೆಯ ಆಟ ಮತ್ತೆ ಮರಳಲಿಲ್ಲ. ಕರಿಗಿಂತ ಒಂದು ಸ್ಥಾನ ಮುಂಚೆ ಆಯ್ಕೆಯಾದ ಜಾನಿ ಫ್ಲಿನ್‌ನನ್ನು ಎನ್.ಬಿ.ಎ.ಯಲ್ಲಿ ಮೂರೇ ವರ್ಷಕ್ಕೆ ನಿಲ್ಲಿಸಿದ್ದರಲ್ಲಿಯೂ ಸೊಂಟದ ಕೀಲಿನದೇ ದೊಡ್ಡ ಪಾಲು. ಸ್ವತಃ ಕರಿ ೨೦೧೧–೧೨ರಲ್ಲಿ ಹರಡಿನ ನೋವಿನಿಂದ ೨೬ ಪಂದ್ಯ ಮಾತ್ರ ಆಡಿದ; ಶಸ್ತ್ರಚಿಕಿತ್ಸೆಯೂ ಆಯಿತು. ಆ ಹರಡು ವಾಸಿಯಾಗದಿದ್ದರೆ? ಆರು ಜನರನ್ನು ಮುಂಚೆ ಆರಿಸಿದವರೇ ಜಾಣರೆನ್ನಿಸುತ್ತಿದ್ದರು. ಸೋತ ದಿನವನ್ನು ನೋಡಿದರೆ ಹುಡುಗನ ಸ್ವಭಾವ ತಿಳಿದೀತು. ಅವನ ಮೂಳೆಯ ಆಯುಷ್ಯ ತಿಳಿಯದು.

ಫ್ರೆಡೆಟ್‌ನ ಬದುಕನ್ನು ಸೋಲೆಂದು ಕರೆಯಲೂ ನಾವು ಒಪ್ಪುವುದಿಲ್ಲ. ಅವನು ಚೀನಕ್ಕೆ ಹೋಗಿ ಶಾಂಘಾಯಿ ತಂಡದಲ್ಲಿ ಆಡಿ ಅಲ್ಲಿಯ ಜನರ ಕಣ್ಮಣಿಯಾದ. ಒಂದೇ ಪಂದ್ಯದಲ್ಲಿ ೭೦ಕ್ಕೂ ಹೆಚ್ಚು ಪಾಯಿಂಟು ಗಳಿಸಿದ್ದೂ ಉಂಟು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೂವರ ಆಟದಲ್ಲಿ ತನ್ನ ದೇಶದ ಪರವಾಗಿ ಇಳಿದ. ಒಂದೂರಲ್ಲಿ ಬೇರು ಬಿಡದ ಸಸಿ ಇನ್ನೊಂದೂರಲ್ಲಿ ಬಿಟ್ಟಿತು. ಊರು ಬಿಟ್ಟು ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕೇ?

ಮಕ್ಕಳನ್ನು ತೂಗಿ ನೋಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ತಂಡಗಳಿಗೆ ಆಯ್ಕೆ ಅನಿವಾರ್ಯ. ತಂದೆತಾಯಿಗಳಿಗೂ ಯಾವ ಕಾಲೇಜು, ಯಾವ ವಿದ್ಯೆ ಎಂದು ತೀರ್ಮಾನಿಸುವುದು ಅನಿವಾರ್ಯ. ಆದರೆ ತೂಗುವಾಗ ಅಂಕೆಯ ಜೊತೆಗೆ ಇನ್ನೊಂದು ಪ್ರಶ್ನೆಯಿರಲಿ: ಎಡವಿದ ಮರುದಿನ ಹುಡುಗ ಏನು ಮಾಡಿದ? ಮತ್ತು ಒಮ್ಮೆ ಬರೆದ ತೀರ್ಪನ್ನು ವರ್ಷಕ್ಕೊಮ್ಮೆಯಾದರೂ ತಿದ್ದುವ ಪೆನ್ಸಿಲ್ಲು ಕೈಯಲ್ಲಿರಲಿ.

ಮರೆತ ಮಾತೊಂದಿದೆ, ತಾಯಂದಿರಿಗೆ ಹಿಡಿಸುವಂಥದು. ಕರಿ ಪದವಿ ಮುಗಿಸದೆಯೇ ೨೦೦೯ರಲ್ಲಿ ಕಾಲೇಜು ಬಿಟ್ಟಿದ್ದ. ಪದವಿ ಮುಗಿಸದವನ ಅಂಗಿಯ ಸಂಖ್ಯೆಗೆ ಡೇವಿಡ್‌ಸನ್‌ನಲ್ಲಿ ಶಾಶ್ವತ ಗೌರವ ಸಲ್ಲುವುದಿಲ್ಲ. ಎಷ್ಟು ದೊಡ್ಡವನಾದರೂ ಸರಿ. ಕೋಟಿಗಟ್ಟಲೆ ಗಳಿಸಿದ ಮೇಲೆ, ಮೂರು ಮಕ್ಕಳ ತಂದೆಯಾದ ಮೇಲೆ, ಉಳಿದ ಪಾಠಗಳನ್ನು ಓದಿ ೨೦೨೨ರಲ್ಲಿ ಅವನು ಪದವಿ ಪಡೆದ. ಆ ವರ್ಷವೇ ಅವನ ೩೦ನೆಯ ಸಂಖ್ಯೆಯ ಅಂಗಿಗೆ ಕಾಲೇಜು ಆ ಗೌರವ ಕೊಟ್ಟಿತು.

ಮುಂದಿನ ಸಭೆಯಲ್ಲಿ ಕಾಫಿಯ ಲೋಟ ಹಿಡಿದು ಯಾರಾದರೂ ನಮ್ಮನ್ನು “ಹುಡುಗನಿಗೆ ಎಷ್ಟು ಬಂತು?” ಎಂದು ಕೇಳಿದರೆ, “ಈ ಸಲ ಕಡಿಮೆ, ಆದರೆ ಮರುದಿನ ಬೆಳಗ್ಗೆ ಕರೆಯದೆಯೇ ಎದ್ದು ಓದಲು ಕುಳಿತ” ಎಂದು ಹೇಳೋಣವೆಂದಿದ್ದೇವೆ. ಅವರು ಮಳೆಯ ಮಾತೆತ್ತಿದರೆ ಎತ್ತಲಿ.