ಕೈಯಲ್ಲಿ ಕಸುಬಿದೆ, ಕಿಸೆಯಲ್ಲಿ ಕಾರ್ಡ್ ಇಲ್ಲ

ನಮ್ಮ ಪ್ರತಿ ಮನೆಯ ಫೋನಿನಲ್ಲೂ ಒಂದು ನಂಬರ್ ಇದ್ದೇ ಇರುತ್ತದೆ. ಬಾವಿಯ ಪಂಪ್ ನೀರೆತ್ತದಿದ್ದರೆ, ಅಡುಗೆಕೋಣೆಯ ನಳ್ಳಿ ಸೋರಿದರೆ, ಮಳೆಗಾಲದ ಮೊದಲ ಸಿಡಿಲಿಗೆ ಫ್ಯೂಸ್ ಹೋದರೆ ಉಮ್ಮ ಮೊದಲು ಹೇಳುವುದು "ಅವನಿಗೊಂದು ಫೋನ್ ಮಾಡು" ಎಂದೇ. ಅವನು ಬೈಕಿನಲ್ಲಿ ಬರುತ್ತಾನೆ. ವೈರಿಂಗ್, ಪ್ಲಂಬಿಂಗ್, ಪೈಂಟಿಂಗ್, ಒಡೆದ ಹಂಚು ಬದಲಿಸುವುದು, ಯಾವುದಕ್ಕೂ ಆಗುವುದಿಲ್ಲ ಎನ್ನುವವನಲ್ಲ. ಶಾಲೆ ಅರ್ಧಕ್ಕೆ ಬಿಟ್ಟು, ಯಾರೋ ಒಬ್ಬ ಕಾಕನ ಹಿಂದೆ ಹೋಗಿ ಕಲಿತ ಕೆಲಸ. ಕಸುಬು ಚೆನ್ನಾಗಿ ಗೊತ್ತು. ಗೊತ್ತು ಅನ್ನುವುದಕ್ಕೆ ಒಂದು ತುಂಡು ಕಾಗದ ಮಾತ್ರ ಅವನ ಹತ್ತಿರ ಇಲ್ಲ.

ಆ ಕಾಗದದ ನೆನಪಾಗುವುದು ಅವನು ಏಣಿಯಿಂದ ಬಿದ್ದ ಮೇಲೆ. ಆಗ ನಾವು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸ್ಕ್ಯಾನ್ ಕೋಡ್ ಹಾಕುತ್ತೇವೆ, ಜಮಾಅತ್‌ನಲ್ಲಿ ಹಣ ಒಟ್ಟು ಮಾಡುತ್ತೇವೆ. ಒಳ್ಳೆಯದೇ. ಆದರೆ ಆ ಹಣ ಆಸ್ಪತ್ರೆ ಬಿಲ್ಲಿಗೇ ಮುಗಿಯುತ್ತದೆ. ಕಾಲು ಸರಿಯಾಗಲು ಆರು ತಿಂಗಳು ಹಿಡಿದರೆ ಮಕ್ಕಳ ಫೀಸು, ಮನೆ ಬಾಡಿಗೆ ಕಟ್ಟುವುದು ಯಾರು?

ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ಒಂದು ಪರವಾನಗಿ, ಇನ್ನೊಂದು ನೋಂದಣಿ. ಪರವಾನಗಿ ಇರುವುದು ಮನೆಯವರ ಮತ್ತು ಕೆಲಸದವನ ಜೀವದ ರಕ್ಷಣೆಗೆ. ಬಲ್ಬ್, ಫ್ಯಾನ್, ಸ್ವಿಚ್, ಫ್ಯೂಸ್ ಬದಲಿಸಲು ಲೈಸೆನ್ಸ್ ಬೇಡ. ಹೊಸ ವೈರಿಂಗ್ ಎಳೆಯಬೇಕಾದರೆ, ಇದ್ದ ವೈರಿಂಗ್‌ಗೆ ಹೊಸದು ಸೇರಿಸಬೇಕಾದರೆ ಲೈಸೆನ್ಸ್ ಪಡೆದ ಗುತ್ತಿಗೆದಾರನ ಮೂಲಕ, ಪರ್ಮಿಟ್ ಇರುವ ವೈರ್‌ಮ್ಯಾನ್ ಕೈಯಲ್ಲೇ ಆಗಬೇಕು ಎನ್ನುತ್ತದೆ ನಿಯಮ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಬೆಂಗಳೂರಿನಲ್ಲಿ ಜಲಮಂಡಳಿಯ ನೀರಿನ ಸಂಪರ್ಕಕ್ಕೂ ಲೈಸೆನ್ಸ್ ಇರುವ ಪ್ಲಂಬರ್ ಬೇಕು.

ನಡೆಯುವುದು ಹೇಗೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಹುಡುಗ ಇಡೀ ಮನೆಯ ವೈರಿಂಗ್ ಮಾಡುತ್ತಾನೆ, ಲೈಸೆನ್ಸ್ ಇರುವ ಇನ್ನೊಬ್ಬರು ಬಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಸಹಿಗೆ ದುಡ್ಡು, ಬೆವರಿಗೆ ಕೂಲಿ. ನಾಳೆ ಶಾರ್ಟ್ ಸರ್ಕ್ಯೂಟ್ ಆದರೆ ಬೆರಳು ತೋರಿಸುವುದು ಮಾತ್ರ ನಮ್ಮ ಹುಡುಗನ ಕಡೆಗೇ.

ಎರಡನೆಯದು ನೋಂದಣಿ. ಇದು ಕೆಲಸದವನ ಸ್ವಂತ ರಕ್ಷಣೆಗೆ. 1996ರಲ್ಲಿ ಬಂದ ಕಾನೂನಿನ ಪ್ರಕಾರ ರಚನೆಯಾದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಮ್ಮಲ್ಲಿದೆ. ಕಟ್ಟಡದ ವೆಚ್ಚದಿಂದ ಶೇ. 1ರಷ್ಟು ಸೆಸ್ ಇದಕ್ಕೆ ಬರುತ್ತದೆ. "ನಾವು ಕಟ್ಟಡ ಕಟ್ಟುವವರಲ್ಲವಲ್ಲ, ರಿಪೇರಿ ಮಾಡುವವರು" ಎಂದು ನಮ್ಮವರು ಸುಮ್ಮನಿದ್ದಾರೆ. ಅದು ತಪ್ಪು ತಿಳಿವಳಿಕೆ. ಕಾನೂನಿನ ಲೆಕ್ಕದಲ್ಲಿ ಕಟ್ಟಡ ಕೆಲಸ ಎಂದರೆ ಕಟ್ಟುವುದರ ಜೊತೆಗೆ ರಿಪೇರಿ, ನಿರ್ವಹಣೆಯೂ ಸೇರುತ್ತದೆ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾರ್ಡ್ ಇದ್ದರೆ ಅಪಘಾತ ಪರಿಹಾರ, ಚಿಕಿತ್ಸೆಗೆ ನೆರವು, ಮಕ್ಕಳ ಓದಿಗೆ ಸಹಾಯ, 60 ದಾಟಿದ ಮೇಲೆ ಪಿಂಚಣಿ ಕೇಳುವ ಹಕ್ಕು ಬರುತ್ತದೆ.

ತೊಡಕು ಇರುವುದು ಆ 90 ದಿನದಲ್ಲಿ. ಬೆಳಿಗ್ಗೆ ಉಳ್ಳಾಲ, ಮಧ್ಯಾಹ್ನ ದೇರಳಕಟ್ಟೆ, ಸಂಜೆ ತೊಕ್ಕೊಟ್ಟು ಎಂದು ಓಡಾಡುವವನಿಗೆ ಕೆಲಸ ಕೊಟ್ಟೆ ಎಂದು ಬರೆದುಕೊಡುವವರು ಯಾರು? ಕಟ್ಟಡದ ಕೆಲಸವನ್ನೇ ಮಾಡದವರು ಕಾರ್ಡ್ ಮಾಡಿಸಿಕೊಂಡದ್ದಕ್ಕೆ ಈಗ ಪರಿಶೀಲನೆ ಬಿಗಿಯಾಗಿದೆ. ನಕಲಿ ಕಾರ್ಡ್ ರದ್ದಾಗಲೇಬೇಕು. ಆದರೆ ಸುಳ್ಳು ಹೇಳಿದವರ ದೆಸೆಯಿಂದ ನಿಜವಾಗಿ ಏಣಿ ಹತ್ತುವವನು ಹೊರಗುಳಿಯಬಾರದು. ಹತ್ತು ಮನೆಯಲ್ಲಿ ದುಡಿದವನ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುವ ಸುಲಭ ದಾರಿಯನ್ನು ಕಾರ್ಮಿಕ ಇಲಾಖೆ ಮಾಡಿಕೊಡಬೇಕು.

"ಇದೆಲ್ಲ ಯಾಕೆ, ಗಲ್ಫಿಗೆ ಹೋದರಾಯಿತು" ಎನ್ನುವವರಿದ್ದಾರೆ. ಅಲ್ಲೂ ಕಾಲ ಬದಲಾಗಿದೆ. ಪ್ಲಂಬರ್, ಇಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್‌ನಂಥ ಕೆಲಸದ ವೀಸಾಕ್ಕೆ ಸೌದಿಯವರು ಈಗ ಊರಲ್ಲಿರುವಾಗಲೇ ಕೌಶಲ ಪರೀಕ್ಷೆ ಪಾಸಾಗಬೇಕು ಎನ್ನುತ್ತಾರೆ. ಕೆಲಸ ಮಾಡಿಯೇ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಯಲ್ಲಿದೆ. ನಮ್ಮ ಹುಡುಗರಿಗೆ ಅದನ್ನು ಹೇಳಿದವರೇ ಕಡಿಮೆ.

ನಾವು ಮಾಡಬಹುದಾದದ್ದೂ ಇದೆ. ರಿಪೇರಿಗೆ ಬಂದವನಿಗೆ ದುಡ್ಡು ಕೊಡುವಾಗ ತಾರೀಕು, ಕೆಲಸ, ಮೊತ್ತ ಬರೆದು ಸಹಿ ಹಾಕಿ ಕೊಡೋಣ. ಅವನೂ ಒಂದು ಡೈರಿ ಇಟ್ಟುಕೊಳ್ಳಲಿ. ದೃಢೀಕರಣ ಕೇಳಿ ಬಂದರೆ "ನಮಗ್ಯಾಕೆ ಉಸಾಬರಿ" ಎನ್ನದೆ, ಕೆಲಸ ಕೊಟ್ಟದ್ದು ನಿಜವಾದರೆ ಬರೆದುಕೊಡೋಣ. ಜಮಾಅತ್ ಕಮಿಟಿಗಳು, ಯುವಕ ಸಂಘಗಳು ವರ್ಷಕ್ಕೆ ಒಂದು ದಿನವಾದರೂ ಕಂಪ್ಯೂಟರ್ ಗೊತ್ತಿರುವ ಇಬ್ಬರು ಮಕ್ಕಳನ್ನು ಕೂರಿಸಿ ಅರ್ಜಿ ತುಂಬಿಸಿ ಕೊಡಲಿ. ರಕ್ತದಾನ ಶಿಬಿರ ಮಾಡುವ ನಮಗೆ ಇದೇನು ದೊಡ್ಡ ಕೆಲಸವಲ್ಲ.

ಮುಂದಿನ ಸಲ ಅವನು ಪಂಪ್ ಸರಿ ಮಾಡಲು ಬಂದಾಗ ಚಾ ಕೊಡುತ್ತಾ ಒಂದು ಮಾತು ಕೇಳಿ: "ಕಾರ್ಡ್ ಮಾಡಿಸಿದ್ದೀಯಾ ಮೋನೇ?" ಇಲ್ಲ ಎಂದರೆ, ಅವತ್ತೇ ಶುರು ಮಾಡಿಸಿ.