ನೂರೇಳು ಕೌಶಲ, ಒಂದು ಹುದ್ದೆ

ದಾನ ಬಂದ ಆಕಳ ಹಲ್ಲು ಎಣಿಸಬಾರದು ಎಂಬ ಮಾತನ್ನು ಬಡ ದೇಶಗಳ ಆಸ್ಪತ್ರೆಗಳು ಬಹುಕಾಲ ಪಾಲಿಸಿದವು. 110 ವೋಲ್ಟಿನ ಅಮೆರಿಕದ ಯಂತ್ರ ಬಂದರೂ ಬೇಡವೆನ್ನಲಿಲ್ಲ. ಅದನ್ನು 230 ವೋಲ್ಟಿನ ಗೋಡೆಗೆ ಸಿಕ್ಕಿಸಿದರೆ ಏನಾಗುತ್ತದೆಂದು ಯಾರು ಬೇಕಾದರೂ ಹೇಳಬಲ್ಲರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 16 ದೇಶಗಳ 1,12,040 ವೈದ್ಯಕೀಯ ಉಪಕರಣಗಳ ದಾಸ್ತಾನು ಪಟ್ಟಿ ಜಾಲಾಡಿತು. ಶೇ 38.3ರಷ್ಟು ಕೆಟ್ಟು ಕೂತಿದ್ದವು.

ಆ ಅಧ್ಯಯನವನ್ನು ಬರೆದವರಲ್ಲಿ ಒಬ್ಬರು ರಾಬರ್ಟ್ ಮಾಲ್ಕಿನ್. 2001ರಲ್ಲಿ ಮೊಹಮ್ಮದ್ ಕಿಯಾನಿ ಜೊತೆಗೂಡಿ ‘ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್’ ಎಂಬ ಸಂಸ್ಥೆ ಕಟ್ಟಿದವರು. ಅಲ್ಲಿಂದ ಇಲ್ಲಿಯವರೆಗಿನ ದಾರಿಯನ್ನು ಹಿಂತಿರುಗಿ ನೋಡಿದಾಗ ನನ್ನ ಕಣ್ಣು ನಿಲ್ಲುವುದು ಅವರದೇ 2010ರ ಇನ್ನೊಂದು ಲೇಖನದ ಮೇಲೆ. ಬಿಡಿಭಾಗ ಸಿಗುವುದಿಲ್ಲ, ಪರಿಣತರಿಲ್ಲ ಎಂದು ಎಲ್ಲರೂ ಕೈಚೆಲ್ಲುತ್ತಿದ್ದ ಕಾಲ. ಎಂಜಿನಿಯರುಗಳೂ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ 11 ದೇಶಗಳ 60 ಆಸ್ಪತ್ರೆಗಳಲ್ಲಿ 2,529 ಕೆಟ್ಟ ಉಪಕರಣಗಳನ್ನು ಪರೀಕ್ಷಿಸಿದರು. ವಿದೇಶದಿಂದ ಒಂದು ಸ್ಕ್ರೂ ಕೂಡ ತರಿಸದೆ, ಅಲ್ಲಲ್ಲೇ ಸಿಗುವ ಸಾಮಾನಿನಿಂದ 1,821 ಮತ್ತೆ ನಡೆದವು. ಬೇಕಾಗಿದ್ದ ವಿದ್ಯೆಯಾದರೂ ಎಂಥದ್ದು? ರಿಪೇರಿಗಳಲ್ಲಿ ಶೇ 19 ಕೊಳಾಯಿ ಕೆಲಸ! ಶೇ 25ಕ್ಕೆ ಯಂತ್ರವನ್ನು ಸರಿಯಾಗಿ ಕೂರಿಸುವುದೋ, ಬಳಸುವವರಿಗೆ ಹೇಳಿಕೊಡುವುದೋ ಸಾಕಾಯಿತು. ಕೆಟ್ಟಿದ್ದವುಗಳಲ್ಲಿ ಶೇ 66ನ್ನು ಎಬ್ಬಿಸಲು ಬೇಕಾದದ್ದು 107 ಸರಳ ಕೌಶಲ, ಅಷ್ಟೇ.

ರುವಾಂಡಾದ ತಂತ್ರಜ್ಞರಿಗೆ ‘ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್’ ಸಂಸ್ಥೆಯ ತರಬೇತಿ ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೊಂಡುರಾಸ್, ಕಾಂಬೋಡಿಯಾಗಳಿಗೂ ಅದು ಹಬ್ಬಿತು. ರುವಾಂಡಾದಲ್ಲಿ ಹಣ ಕೊಟ್ಟದ್ದು ಯಂತ್ರ ಮಾರುವ ಜಿಇ ಕಂಪನಿಯದೇ ಪ್ರತಿಷ್ಠಾನ. ವ್ಯಂಗ್ಯವೋ ವಿವೇಕವೋ, ಓದುಗರೇ ಹೇಳಬೇಕು. 2019ರಿಂದ ಮಲಾವಿ, ಕೀನ್ಯಾ, ತಾಂಜಾನಿಯಾ, ನೈಜೀರಿಯಾಗಳ ನವಜಾತ ಶಿಶು ವಾರ್ಡುಗಳಲ್ಲಿ ‘ನೆಸ್ಟ್360’ ಎಂಬ ಒಕ್ಕೂಟ ಯಂತ್ರದ ಜೊತೆಗೇ ತಂತ್ರಜ್ಞರನ್ನೂ ತಯಾರು ಮಾಡುತ್ತಿದೆ. ಕೋವಿಡ್ ಬಂದಾಗ, 2020ರ ಮೇ ತಿಂಗಳಲ್ಲಿ, ರಿಪೇರಿ ಜಾಲತಾಣ ‘ಐಫಿಕ್ಸಿಟ್’ 13,000ಕ್ಕೂ ಹೆಚ್ಚು ವೈದ್ಯಕೀಯ ಉಪಕರಣ ಕೈಪಿಡಿಗಳನ್ನು ಉಚಿತವಾಗಿ ತೆರೆದಿಟ್ಟಿತು. ಕೈಪಿಡಿ ಓದಲೂ ಒಂದು ಮಹಾಮಾರಿ ಬರಬೇಕಾಯಿತು.

ಇಷ್ಟಾದರೂ ಗೆಲುವೆಂದು ಬರೆಯಲು ಪೆನ್ನು ಹಿಂಜರಿಯುತ್ತದೆ. ಕಲಿಸುವುದು ಸುಲಭದ ಅರ್ಧವಾಗಿತ್ತು. ಕಲಿತವನಿಗೆ ಆಸ್ಪತ್ರೆಯಲ್ಲಿ ಕಾಯಂ ಹುದ್ದೆ, ಮರ್ಯಾದೆಯ ಸಂಬಳ, ಫ್ಯೂಸು ಕೊಳ್ಳಲು ಒಂದಿಷ್ಟು ಚಿಲ್ಲರೆ ಹಣ ಕೊಡುವ ಅರ್ಧ ಬಾಕಿ ಉಳಿದಿದೆ. ಅವನನ್ನು ಬಡಗಿ, ಪೇಂಟರುಗಳ ಸಾಲಿನಲ್ಲಿ ಕೂರಿಸಿದರೆ, ಚೆನ್ನಾಗಿ ಕಲಿತವನೇ ಮೊದಲು ಖಾಸಗಿ ಡೀಲರ್ ಬಳಿಗೆ ಹೊರಡುತ್ತಾನೆ. ಈ ಬಾಕಿ ಅರ್ಧವನ್ನು ಹೊರಗಿನ ದಾನಿಗಳು ಮಾಡಲಾರರು. ಆಯಾ ದೇಶದ ಆರೋಗ್ಯ ಸಚಿವಾಲಯಗಳೇ ಮಾಡಬೇಕು.

ದಾನಿಗಳಲ್ಲಿ ಒಂದೇ ಬಿನ್ನಹ. ಯಂತ್ರ ಕಳುಹಿಸುವ ಮೊದಲು ಆ ಆಸ್ಪತ್ರೆಗೊಂದು ಪತ್ರ ಬರೆಯಿರಿ: ಇದು ಕೆಟ್ಟರೆ ಬಿಚ್ಚುವವರ ಹೆಸರೇನು? ಉತ್ತರ ಬರುವವರೆಗೆ ಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ.