ಸ್ನೆಲ್‌ರನ್ನು ಹೊರಗೆ ಕರೆಸಿದ್ದು ಯಾವ ಲೆಕ್ಕ?

2020ರ ಅಕ್ಟೋಬರ್ 27, ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಸರಣಿಯಲ್ಲಿ 2–3 ಹಿಂದಿದ್ದ ಟ್ಯಾಂಪಾ ಬೇ ರೇಸ್ ಅಂದು ಡಾಜರ್ಸ್ ವಿರುದ್ಧ 1–0 ಮುಂದಿತ್ತು. ಪಿಚರ್ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ 9 ಸ್ಟ್ರೈಕ್‌ಔಟ್ ಮಾಡಿದ್ದರು. ಆರನೇ ಇನ್ನಿಂಗ್‌ನಲ್ಲಿ ಎರಡನೇ ಹಿಟ್ ಬಿತ್ತು ಅಷ್ಟೇ, ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ಹೊರಗೆ ಕರೆಸಿದರು. ಬದಲಿಗೆ ಬಂದ ನಿಕ್ ಆಂಡರ್ಸನ್‌ಗೆ ಮೂಕಿ ಬೆಟ್ಸ್ ಡಬಲ್ ಹೊಡೆದರು. ರೇಸ್ 1–3ರಿಂದ ಸೋತಿತು, ಕಪ್ಪೂ ಹೋಯ್ತು.

ಕ್ಯಾಶ್ ಲೆಕ್ಕ ಸರಳ: ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಚೆನ್ನಾಗಿ ಹೊಡೀತಾರೆ. ತಪ್ಪೇನಿಲ್ಲ. ಕಡಿಮೆ ದುಡ್ಡಿನ ರೇಸ್ ಅಲ್ಲಿವರೆಗೆ ಬಂದಿದ್ದೇ ಇಂಥ ಲೆಕ್ಕಗಳಿಂದ. ಆದ್ರೆ ಲೆಕ್ಕ ಅಂದ್ಮೇಲೆ ಎಲ್ಲಾನೂ ನೋಡ್ಬೇಕಲ್ವಾ? ಆಂಡರ್ಸನ್ ತಾವು ಆಡಿದ ಹಿಂದಿನ ಆರು ಪಂದ್ಯಗಳಲ್ಲೂ ರನ್ ಬಿಟ್ಟುಕೊಟ್ಟಿದ್ದರು. ಬೆಟ್ಸ್ ಅಂದು ಸ್ನೆಲ್ ಎದುರು ಎರಡೂ ಸಲ ಸ್ಟ್ರೈಕ್‌ಔಟ್. ಇವೂ ಅಂಕಿಅಂಶಗಳೇ.

ಹಾಗಾಗಿ ‘ಡೇಟಾ ಆಟ ಕೆಡಿಸ್ತು’ ಅನ್ನೋ ವಾದ ನಾನು ಒಪ್ಪಲ್ಲ. ಮೊದಲೇ ಮಾಡಿಟ್ಟ ನಿರ್ಧಾರಕ್ಕೆ ಹೊಂದುವ ಅಂಕಿಯನ್ನಷ್ಟೇ ಆರಿಸಿಕೊಂಡಿದ್ದು ಕೆಡಿಸಿತು. ‘ಫಾರ್ಮುಲಾ ಹೇಳ್ತು’ ಅಂದಾಗ ಅಭಿಮಾನಿಗಳು ಸುಮ್ಮನಾಗಬಾರದು. ಯಾವ ಅಂಕಿ ನೋಡಿದ್ರಿ, ಯಾವುದನ್ನ ಬಿಟ್ರಿ ಅಂತ ಕೇಳ್ಬೇಕು.